ಶ್ರಾವಕನೆಂದರೆ ಕೇಳುವವನು: ಒಂದು ಕಥಾಸಂಕಲನಕ್ಕೆ ಬಂದ ಅಭಿಪ್ರಾಯಗಳ ಸುತ್ತ

ಜೈನ ಗೃಹಸ್ಥನಿಗೆ ನಮ್ಮ ಆಚಾರ್ಯರು ಇಟ್ಟ ಹೆಸರು ಶ್ರಾವಕ. ಕೇಳುವವನು ಎಂಬುದು ಆ ಶಬ್ದದ ಮೂಲಾರ್ಥ. ದಾನ, ಪೂಜೆ, ಶೀಲ, ಉಪವಾಸಗಳು ಅವನ ಧರ್ಮವೆನಿಸಿದ್ದರೂ ಅವನ ಹೆಸರು ಮಾತ್ರ ಕಿವಿಗೆ ಸಂಬಂಧಿಸಿದ್ದು. ಸರಿಯಾಗಿ ಕೇಳಬಲ್ಲವನೇ ಸರಿಯಾಗಿ ನಡೆಯಬಲ್ಲನೆಂಬ ಅಭಿಪ್ರಾಯ ಇದರಲ್ಲಿ ಅಡಗಿದೆಯೆಂದು ನಾನು ತಿಳಿದಿದ್ದೇನೆ. ನಮ್ಮ ಸಮಾಜದಲ್ಲಿ ಈಚೆಗೆ ನಡೆದ ಒಂದು ಪ್ರಸಂಗವು ಈ ಮಾತನ್ನು ಮತ್ತೆ ಮತ್ತೆ ನೆನಪಿಗೆ ತಂದುದರಿಂದ ಈ ಕೆಲವು ಪುಟಗಳನ್ನು ಬರೆಯುತ್ತಿದ್ದೇನೆ.

ಕಡಗಂಚಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕೆಲವು ಕುಟುಂಬಗಳ ಗೃಹಿಣಿಯರು, ವಿದ್ಯಾರ್ಥಿಗಳು, ಅಂಗಡಿಯಲ್ಲಿ ಕೂಡುವ ತರುಣರು ಸೇರಿ ಹತ್ತು ಕಥೆಗಳನ್ನು ಬರೆದು ಒಂದು ಪುಟ್ಟ ಸಂಕಲನವನ್ನು ಸಿದ್ಧಪಡಿಸಿದರು. ಇವರಲ್ಲಿ ಒಬ್ಬರೂ ಹಿಂದೆ ಕಥೆ ಬರೆದವರಲ್ಲ. ಕಳೆದ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಸಂಜೆಯ ಆರತಿ ಮುಗಿದ ಬಳಿಕ ದಿನಕ್ಕೊಂದು ಕಥೆಯನ್ನು ಬಸದಿಯ ಮಂಟಪದಲ್ಲಿ ಓದಲಾಯಿತು. ಮುದ್ರಣದ ವೆಚ್ಚವನ್ನು ಬಸದಿಯ ಟ್ರಸ್ಟು ವಹಿಸಬೇಕೆಂಬ ವಿನಂತಿಯೂ ಬಂದಿತು. ಕೇಳಿದವರು ತಮ್ಮ ಅಭಿಪ್ರಾಯಗಳನ್ನು ಚೀಟಿಗಳಲ್ಲಿ ಬರೆದು ಕೊಟ್ಟರು. ಒಟ್ಟು 41 ಚೀಟಿಗಳು. ಅವುಗಳ ಕಟ್ಟನ್ನು ತರುಣರು ನನ್ನ ಕೈಗಿತ್ತು, "ಕಾಕಾ, ಇದರಾಗ ಯಾವುದು ಹಿಡೀಬೇಕು, ಯಾವುದು ಬಿಡಬೇಕು, ನೀವೇ ಹೇಳ್ರಿ" ಎಂದರು. ಸಂಕಲನದ ಹೆಸರನ್ನಾಗಲಿ, ಬರೆದವರ ಹೆಸರನ್ನಾಗಲಿ ನಾನಿಲ್ಲಿ ಹೇಳುವುದಿಲ್ಲ. ಅದರ ಕಾರಣ ಮುಂದೆ ವಿದಿತವಾಗುವುದು.

ಕೇಳುವವರನ್ನು ತೂಗಿ ನೋಡುವ ತಕ್ಕಡಿಯನ್ನು ನಾವು ದೂರದಿಂದ ತರಬೇಕಾಗಿಲ್ಲ. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿ ಆಳಿದ ನೃಪತುಂಗ ಅಮೋಘವರ್ಷನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ ಮೊದಲ ಪರ್ವದಲ್ಲಿಯೇ, ಕಥೆ ಹೇಳುವವನ ಲಕ್ಷಣದೊಡನೆ ಕೇಳುವವರ ಲಕ್ಷಣವನ್ನೂ ವಿವರಿಸಿದ್ದಾರೆ. ಅವರ ಲೆಕ್ಕದಲ್ಲಿ ಶ್ರೋತೃಗಳು 14 ಬಗೆ: ಮಣ್ಣು, ಜರಡಿ, ಆಡು, ಬೆಕ್ಕು, ಗಿಳಿ, ಕೊಕ್ಕರೆ, ಕಲ್ಲು, ಹಾವು, ಹಸು, ಹಂಸ, ಕೋಣ, ತೂತುಗಡಿಗೆ, ಕಚ್ಚುವ ನೊಣ ಮತ್ತು ಜಿಗಣೆ. ಮಣ್ಣು ಕೇಳುವಷ್ಟು ಹೊತ್ತು ಮೆತ್ತಗಾಗಿ ಆಮೇಲೆ ಗಟ್ಟಿಯಾಗುತ್ತದೆ. ಜರಡಿ ಸಾರವನ್ನು ಕೆಳಗೆ ಬಿಟ್ಟು ತೌಡನ್ನು ಉಳಿಸಿಕೊಳ್ಳುತ್ತದೆ. ಗಿಳಿ ಹೇಳಿಕೊಟ್ಟದ್ದನ್ನೇ ಹೇಳುತ್ತದೆ. ಕೋಣ ನೀರಿಗಿಳಿದು ಕೆರೆಯನ್ನೇ ಕಲಕುತ್ತದೆ. ಜಿಗಣೆಗೆ ಕೆಟ್ಟ ರಕ್ತವೇ ಬೇಕು. ಹಸು ಹುಲ್ಲು ತಿಂದು ಹಾಲು ಕೊಡುತ್ತದೆ. ಹಂಸ ಸಾರವನ್ನಷ್ಟೆ ತೆಗೆದುಕೊಳ್ಳುತ್ತದೆ. ಹಸು ಹಂಸಗಳಂಥವರು ಉತ್ತಮರು, ಮಣ್ಣು ಗಿಳಿಗಳಂಥವರು ಮಧ್ಯಮರು, ಉಳಿದವರು ಅಧಮರು ಎಂಬುದು ಆಚಾರ್ಯರ ನಿರ್ಣಯ. ಪುರಾಣ ಪ್ರಾರಂಭವಾಗುವ ಮೊದಲೇ ಶ್ರೋತೃವಿನ ಪರೀಕ್ಷೆ ನಡೆದಿದೆಯೆಂಬುದನ್ನು ನಾವು ಗಮನಿಸಬೇಕು.

ಅದೇ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗವು ಇನ್ನೊಂದು ಮಾತನ್ನು ಹೇಳುತ್ತದೆ. ಕನ್ನಡ ನಾಡಿನ ಜನ ಓದದಿದ್ದರೂ ಕಾವ್ಯದ ಬಳಕೆಯನ್ನು ಬಲ್ಲವರು. ತಮ್ಮ ತಮ್ಮ ನುಡಿಯಲ್ಲಿ ಎಲ್ಲರೂ ಜಾಣರು. ಸಣ್ಣವರಿಗೂ ವಿವೇಕದ ಮಾತು ತಿಳಿದಿರುತ್ತದೆ ಎಂದು ಅದರ ತಾತ್ಪರ್ಯ. ಒಂದು ಗ್ರಂಥ ಕೇಳುಗನಿಗೆ ಅಧಿಕಾರವನ್ನು ಕೊಡುತ್ತದೆ, ಇನ್ನೊಂದು ಆ ಅಧಿಕಾರದ ಜೊತೆಗೆ ಹೊಣೆಯನ್ನೂ ಹೊರಿಸುತ್ತದೆ. ಈ ಎರಡನ್ನೂ ಮುಂದಿಟ್ಟುಕೊಂಡು ನಾನು ಚೀಟಿಗಳನ್ನು ಬಿಚ್ಚಿದೆ.

ಮೊದಲನೆಯ ಆಕ್ಷೇಪ 'ಉತ್ತಮ ಸತ್ಯ'ದ ದಿನವೇ ಬಂದಿತ್ತು. ನಡೆಯದ್ದನ್ನು ನಡೆದಂತೆ ಬರೆಯುವುದು ಸುಳ್ಳು. ಸತ್ಯಾಣುವ್ರತ ಹಿಡಿದವರು ಕಲ್ಪಿತ ಕಥೆ ಬರೆಯಬಹುದೇ ಎಂದು ಹಿರಿಯರೊಬ್ಬರು ಕೇಳಿದ್ದರು. ಇದು ಪರಿಹಾಸ್ಯದ ಪ್ರಶ್ನೆಯಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು 'ಅಸತ್' ಆದುದನ್ನು ನುಡಿಯುವುದೇ ಅನೃತವೆಂದಿದ್ದಾರೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆ ಪದಕ್ಕೆ ಅಪ್ರಶಸ್ತವೆಂದು ಅರ್ಥ ಮಾಡಿ, ಪ್ರಾಣಿಗಳಿಗೆ ಪೀಡೆ ತರುವ ಮಾತು ಇದ್ದ ವಿಷಯವನ್ನು ಕುರಿತದ್ದಾಗಲಿ ಇಲ್ಲದ ವಿಷಯವನ್ನು ಕುರಿತದ್ದಾಗಲಿ ಅಪ್ರಶಸ್ತವೇ ಎಂದು ವಿವರಿಸಿದ್ದಾರೆ. ಎಂದ ಮೇಲೆ ನಡೆಯಿತೇ ಇಲ್ಲವೇ ಎಂಬುದೊಂದರಿಂದಲೇ ಸತ್ಯಾಸತ್ಯದ ನಿರ್ಣಯವಾಗುವುದಿಲ್ಲ. ಪ್ರಮಾದದಿಂದ, ಕಷಾಯದಿಂದ, ಪರರನ್ನು ನೋಯಿಸುವ ಮಾತು ಅಕ್ಷರಶಃ ನಿಜವಾಗಿದ್ದರೂ ಅನೃತ. ಕಥೆ ಬರೆಯುವುದೇ ದೋಷವಾಗಿದ್ದರೆ 157 ಕಥೆಗಳ ಬೃಹತ್ಕಥಾಕೋಶವನ್ನು ಹರಿಷೇಣರೂ, 19 ಕಥೆಗಳ ವಡ್ಡಾರಾಧನೆಯನ್ನು ಕನ್ನಡದ ಆಚಾರ್ಯರೂ ನಮಗೆ ಬಿಟ್ಟುಹೋಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಹಿಂಸೆಯ ವರ್ಣನೆಯನ್ನು ಕುರಿತದ್ದು. ಒಂದು ಕಥೆಯಲ್ಲಿ ತೊಗರಿಯ ಗೋದಾಮಿನ ಲೆಕ್ಕ ನೋಡುವ ತರುಣನು ಇಲಿಗಳ ಕಾಟ ತಾಳಲಾರದೆ ಅಂಟಿನ ಹಲಗೆಯನ್ನು ತಂದಿಡುತ್ತಾನೆ. ಕಾಲು ಅಂಟಿಕೊಂಡ ಇಲಿ ರಾತ್ರಿಯಿಡೀ ಕಿರುಗುಟ್ಟುವ ಸದ್ದನ್ನು ಅವನು ಪಕ್ಕದ ಕೋಣೆಯಲ್ಲಿ ಮಲಗಿ ಕೇಳುತ್ತಾನೆ. ಮೂರು ಪುಟಗಳ ತನಕ ಈ ವರ್ಣನೆ ಇದೆ. ಬಸದಿಯ ಮಂಟಪದಲ್ಲಿ ಇಲಿಯ ಸಾವನ್ನು ಓದುವುದೇ ಎಂದು ಆರು ಚೀಟಿಗಳಲ್ಲಿ ಅಸಮಾಧಾನ ವ್ಯಕ್ತವಾಗಿದೆ.

ಇವರಿಗೆ ನಾನು ಯಶೋಧರನ ಕಥೆಯನ್ನು ನೆನಪಿಸಬಯಸುತ್ತೇನೆ. ಜನ್ನನು 1209ರಲ್ಲಿ ಕನ್ನಡದಲ್ಲಿ ಬರೆದ ಈ ಕಥೆಯನ್ನು ಅದಕ್ಕೂ ಹಿಂದೆ, 10ನೆಯ ಶತಮಾನದಲ್ಲಿ, ಪುಷ್ಪದಂತ ಕವಿಯು ನಮ್ಮ ಮಾನ್ಯಖೇಟದಲ್ಲಿಯೇ ಅಪಭ್ರಂಶದಲ್ಲಿ ಹೇಳಿದ್ದನು. ತಾಯಿಯ ಒತ್ತಾಯಕ್ಕೆ ಯಶೋಧರನು ಹಿಟ್ಟಿನ ಕೋಳಿಯೊಂದನ್ನು ಬಲಿಗೊಡುತ್ತಾನೆ. ಅಲ್ಲಿ ಯಾವ ಜೀವವೂ ಇರಲಿಲ್ಲ. ಇದ್ದದ್ದು ಕೊಲ್ಲುವ ಸಂಕಲ್ಪ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ಅನೇಕ ತಿರ್ಯಂಚ ಭವಗಳಲ್ಲಿ ತೊಳಲುತ್ತಾರೆ. ವಸ್ತು ಕಲ್ಪಿತವಾಗಿದ್ದರೂ ಭಾವ ನಿಜ ಎಂಬುದು ಇದರ ಪಾಠ. ಈ ಪಾಠ ಕಥೆಗಾರನಿಗೂ ಓದುಗನಿಗೂ ಸಮಾನವಾಗಿ ಅನ್ವಯಿಸುತ್ತದೆ. ಇದು ಬರಿಯ ಕಥೆ ತಾನೇ ಎಂದು ಬರೆಯುವವನು ಜಾರಿಕೊಳ್ಳುವಂತಿಲ್ಲ. ಹಾಗೆಂದು ಕೇಳುವವನೂ ಕೈತೊಳೆದುಕೊಳ್ಳುವಂತಿಲ್ಲ. ಇಲಿಯ ಕಥೆಯನ್ನು ಕೇಳಿದಾಗ ನಮ್ಮಲ್ಲಿ ಹುಟ್ಟಿದ ಭಾವ ಜಿಗುಪ್ಸೆ ಮತ್ತು ಕರುಣೆ. ಕೊಲ್ಲುವ ರುಚಿ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಆದ್ದರಿಂದ ಈ ಆಕ್ಷೇಪ ನಿಲ್ಲುವುದಿಲ್ಲ.

ಆದರೆ ಆ ಕಥೆಯಲ್ಲಿ ಬೇರೊಂದು ದೋಷವಿದೆ. ಅದನ್ನು ಯಾವ ಚೀಟಿಯೂ ಹೇಳಿಲ್ಲ. ಬೆಳಗಾಗುತ್ತಲೇ ನಾಯಕನು ವ್ಯಾಪಾರ ತೊರೆದು ಮುನಿಗಳ ಸಂಘದ ಹಿಂದೆ ಹೊರಟುಬಿಡುತ್ತಾನೆ. ಹಾಗಾದರೆ ಗೋದಾಮಿನಲ್ಲಿ ಉಳಿದ ಇಲಿಗಳ ಗತಿಯೇನು? ನಾಳೆ ಆ ಗಾದಿಯ ಮೇಲೆ ಕೂಡುವ ಅವನ ತಮ್ಮ ಏನು ಮಾಡಬೇಕು? ಆರಂಭ, ಉದ್ಯೋಗ, ವಿರೋಧಗಳಿಂದ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ಒಪ್ಪಿದ ಶಾಸ್ತ್ರವು ಸಂಕಲ್ಪಹಿಂಸೆಯನ್ನು ಮಾತ್ರ ಒಪ್ಪಿಲ್ಲ. ಅಂಟಿನ ಹಲಗೆ ಉದ್ಯೋಗದ ಹೆಸರಿನಲ್ಲಿ ನಡೆಯುವ ಸಂಕಲ್ಪಹಿಂಸೆಯೆಂಬುದನ್ನು ಕಥೆಗಾರ ಸರಿಯಾಗಿ ಗುರುತಿಸಿದ್ದಾನೆ. ಆ ಮೇಲೆ ಗೋಡೆಯ ಬಿರುಕು ಮುಚ್ಚುವುದು, ಚೀಲಗಳನ್ನು ನೆಲದಿಂದ ಎತ್ತರಿಸಿಡುವುದು, ಸ್ವಲ್ಪ ನಷ್ಟವನ್ನು ನಷ್ಟವೆಂದೇ ಖಾತೆಯಲ್ಲಿ ಬರೆಯುವುದು ಮುಂತಾದ ಗೃಹಸ್ಥನ ಕಷ್ಟದ ದಾರಿಯನ್ನು ಅವನು ತೋರಿಸಬೇಕಾಗಿತ್ತು. ವೈರಾಗ್ಯವು ಕಥೆ ಮುಗಿಸುವ ಸುಲಭೋಪಾಯವಾಗಬಾರದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದದ್ದು. ತೂಕವನ್ನು ಕುರಿತ ಒಂದು ಕಥೆ ಇದೆ. ಅಡತಿ ವ್ಯಾಪಾರಿಯೊಬ್ಬನು ಅನಂತ ಚತುರ್ದಶಿಯಂದು ಬಸದಿಗೆ ಬೆಳ್ಳಿಯ ಅಷ್ಟಮಂಗಲಗಳನ್ನು ಅರ್ಪಿಸುತ್ತಾನೆ. ಕಾಲೇಜಿನಿಂದ ಬಂದ ಮಗ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವುತ್ತ, ಚೀಲಕ್ಕೆ ಇಷ್ಟೆಂದು ಧೂಳು, ತೇವಗಳ ನೆವದಲ್ಲಿ ರೈತರ ತೊಗರಿಯಿಂದ ಕಡಿದ ತೂಕವನ್ನು ವರ್ಷವರ್ಷವೂ ಕೂಡಿಸುತ್ತಾನೆ. ಆ ಮೊತ್ತವೂ ಬೆಳ್ಳಿಯ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಅವನು ತಂದೆಯನ್ನು ಏನೂ ಕೇಳುವುದಿಲ್ಲ; ಮಂಗಲದ್ರವ್ಯಗಳ ಎದುರಿಗೆ ಕೈಮುಗಿಯದೆ ನಿಲ್ಲುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಇದು ಸಮಾಜದ ಮಾನ ಕಳೆಯುವ ಕಥೆ, ಇದನ್ನು ತೆಗೆಯದೆ ಹಣ ಕೊಡಲಾಗದು ಎಂದು ಟ್ರಸ್ಟಿನ ಕೆಲವು ಹಿರಿಯರು ಬರೆದರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಉಪಗೂಹನವನ್ನು ಅವರು ಆಧಾರವಾಗಿ ತೋರಿಸಿದರು. ಸಾಧರ್ಮಿಗಳ ದೋಷವನ್ನು ಮುಚ್ಚಬೇಕು, ಬೀದಿಗೆ ತರಬಾರದು ಎಂದು ಅವರ ವಾದ. ಶಾಸ್ತ್ರದ ಬಲವಿರುವ ಈ ವಾದಕ್ಕೆ ಶಾಸ್ತ್ರದಿಂದಲೇ ಉತ್ತರ ಹುಡುಕಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನವನ್ನು ವಿವರಿಸುವಾಗ, ಅಜ್ಞರಿಂದಲೂ ಅಶಕ್ತರಿಂದಲೂ ಮಾರ್ಗಕ್ಕೆ ಬಂದ ನಿಂದೆಯನ್ನು ಒರೆಸಿ ಶುದ್ಧಗೊಳಿಸುವುದೆಂಬ ಅರ್ಥದ ಕ್ರಿಯಾಪದವನ್ನು ಬಳಸಿದ್ದಾರೆ. ಒರೆಸಬೇಕಾದರೆ ಕೊಳೆ ಎಲ್ಲಿದೆಯೆಂದು ಕಾಣಬೇಕು. ಈ ಅಂಗಕ್ಕೆ ದೃಷ್ಟಾಂತವಾಗಿ ಬರುವವನು ಜಿನೇಂದ್ರಭಕ್ತನೆಂಬ ಶ್ರೇಷ್ಠಿ, ನಮ್ಮಂತೆಯೇ ವ್ಯಾಪಾರಿ. ಕಪಟ ಬ್ರಹ್ಮಚಾರಿಯಾಗಿ ಬಂದ ಕಳ್ಳನೊಬ್ಬ ಅವನ ಮನೆಯ ಚೈತ್ಯಾಲಯದಲ್ಲಿ ಛತ್ರದ ರತ್ನವನ್ನು ಕದ್ದು ಓಡುವಾಗ ಕಾವಲುಗಾರರ ಕೈಗೆ ಸಿಕ್ಕುತ್ತಾನೆ. ನಾನು ಹೇಳಿದ್ದರಿಂದಲೇ ಇವರು ಅದನ್ನು ತಂದರು ಎಂದು ಶ್ರೇಷ್ಠಿಯು ಎಲ್ಲರೆದುರು ಅವನನ್ನು ಕಾಯುತ್ತಾನೆ. ಆಮೇಲೆ ಏಕಾಂತದಲ್ಲಿ ಅವನನ್ನು ನಿಷ್ಠುರವಾಗಿ ಖಂಡಿಸಿ ಕಳುಹಿಸುತ್ತಾನೆ. ಈ ಕಥೆಯ ಸ್ವಾರಸ್ಯವನ್ನು ನೋಡಬೇಕು. ಶ್ರೇಷ್ಠಿ ಮುಚ್ಚಿದ ಕಳವನ್ನು ಆಚಾರ್ಯ ಪರಂಪರೆ ಶತಮಾನಗಳಿಂದ ಹೇಳುತ್ತ ಬಂದಿದೆ. ಉಪಗೂಹನವನ್ನು ಕಲಿಸುವುದಕ್ಕೂ ವ್ರತಿಯ ವೇಷದಲ್ಲಿದ್ದವನ ಕಳ್ಳತನವನ್ನು ಹೇಳಲೇಬೇಕಾಯಿತು. ಹಾಗಾದರೆ ನಮ್ಮವರು ಮುಚ್ಚಿದ್ದು ದೋಷಿಯನ್ನು, ತೋರಿಸಿದ್ದು ದೋಷವನ್ನು. ವ್ಯಕ್ತಿಗೆ ರಕ್ಷಣೆ, ಸಮಾಜಕ್ಕೆ ಎಚ್ಚರಿಕೆ ಎಂಬ ಈ ವಿವೇಕವೇ ಉಪಗೂಹನದ ಹೃದಯ. ಕಲ್ಪಿತ ಕಥೆಯು ಇದಕ್ಕೆ ಅತ್ಯಂತ ತಕ್ಕ ಸಾಧನ. ಅದು ಹೆಸರಿಲ್ಲದೆ ದೋಷವನ್ನು ಹೇಳಬಲ್ಲದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ ಸಾಕಾರಮಂತ್ರಭೇದವನ್ನೂ ಎಣಿಸಿದೆ. ಪರರ ಗುಟ್ಟನ್ನು ಹೊರಗೆಡಹುವುದು ಎಂದು ಸ್ಥೂಲವಾಗಿ ಅರ್ಥ. ತೂಕದ ಕಥೆಯನ್ನು ಬರೆದವರು ಊರು, ಮನೆತನ, ಅಂಗಡಿಗಳ ಗುರುತು ಸಿಗದಂತೆ ಬರೆದಿದ್ದಾರೆ. ಹಾಗಿದ್ದೂ ಕಥೆ ಮುಗಿದ ರಾತ್ರಿಯೇ ಇದು ಯಾರ ಅಂಗಡಿ ಎಂಬ ಹುಡುಕಾಟ ಮೊದಲಾಯಿತು. ಒಂಬತ್ತು ಚೀಟಿಗಳಲ್ಲಿ ಊಹೆಯ ಹೆಸರುಗಳಿವೆ. ಗುಟ್ಟನ್ನು ಹೊರಗೆಡಹುವ ಅತಿಚಾರ ನಡೆದಿದ್ದರೆ ಅದು ಈ ಚೀಟಿಗಳಲ್ಲಿ ನಡೆದಿದೆ. ಕೆಟ್ಟ ರಕ್ತವನ್ನಷ್ಟೇ ಹುಡುಕುವ ಜಿಗಣೆಯನ್ನು ಆಚಾರ್ಯರು ಸುಮ್ಮನೆ ಎಣಿಸಲಿಲ್ಲ. ಆ ಹುಡುಕಾಟಕ್ಕೆ ಇನ್ನಷ್ಟು ಮೇವು ಒದಗಬಾರದೆಂದೇ ನಾನು ಸಂಕಲನದ ಹೆಸರನ್ನು ಇಲ್ಲಿ ಬರೆದಿಲ್ಲ.

ಒಂಬತ್ತರಲ್ಲಿ ಎರಡು ಚೀಟಿಗಳಲ್ಲಿ ನನ್ನ ಹೆಸರೇ ಇತ್ತು. ಆ ಅಂಗಡಿ ನನ್ನದಲ್ಲ, ಬೆಳ್ಳಿಯ ಮಂಗಲದ್ರವ್ಯ ಕೊಡುವಷ್ಟು ಸಂಪತ್ತೂ ನನಗಿರಲಿಲ್ಲ. ಆದರೆ ಆ ಕಡಿತ ನನ್ನದೂ ಹೌದು. ಬಿ.ಕಾಂ. ಮುಗಿಸಿ ಗಾದಿಯ ಮೇಲೆ ಕುಳಿತ ಮೊದಲ ವರ್ಷಗಳಲ್ಲಿ, ಪೇಟೆಯ ರೂಢಿಯೆಂದು ನಾನೂ ಚೀಲಕ್ಕಿಷ್ಟು ತೂಕ ಇಳಿಸಿ ಬರೆದಿದ್ದೇನೆ. ಅದನ್ನು ಯಾವ ಖಾತೆಗೆ ಸೇರಿಸಬೇಕೆಂದು ವಾಣಿಜ್ಯ ಪದವೀಧರನಾದ ನನಗೆ ತಿಳಿದಿತ್ತು. ತತ್ತ್ವಾರ್ಥಸೂತ್ರವು ಅದನ್ನು ಹೀನಾಧಿಕ ಮಾನೋನ್ಮಾನವೆಂದು ಕರೆದು ಅಚೌರ್ಯದ ಅತಿಚಾರಗಳಲ್ಲಿ ಸೇರಿಸಿದೆಯೆಂಬುದೂ ತಿಳಿದಿತ್ತು. ಸ್ವಾಧ್ಯಾಯದಲ್ಲಿ ಆ ಸೂತ್ರವನ್ನು ಎಷ್ಟೋ ಬಾರಿ ಓದಿದ್ದೇನೆ. ಆದರೆ ಅದು ನನ್ನ ಅಂಗಡಿಯ ತಕ್ಕಡಿಯವರೆಗೆ ಬಂದು ಮುಟ್ಟಿದ್ದು ಆ ಸಂಜೆ, ಕಥೆಯ ಮೂಲಕ. ಕಥೆಯಿಂದ ಸಮಾಜಕ್ಕೆ ಏನು ಪ್ರಯೋಜನವೆಂದು ಕೇಳುವವರಿಗೆ ಇಷ್ಟು ಸಾಕ್ಷ್ಯವನ್ನು ನಾನು ಕೊಡಬಲ್ಲೆ.

ಹಾಗೆಂದು ಆ ಕಥೆ ನಿರ್ದೋಷವಾಗಿಲ್ಲ. ತಂದೆಯ ಗಾದಿ, ಮಗನ ಮೌನ, ಬೆಳ್ಳಿಯ ಹೊಳಪು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ತೊಗರಿ ತಂದವನು ಮಾತ್ರ 'ಒಬ್ಬ ರೈತ'ನಾಗಿಯೇ ಉಳಿಯುತ್ತಾನೆ. ಅವನಿಗೆ ಹೆಸರಿಲ್ಲ, ಮುಖವಿಲ್ಲ, ಆ ವರ್ಷ ಮಳೆ ಬಂದಿತೇ ಇಲ್ಲವೇ ಎಂಬ ಮಾತಿಲ್ಲ. ನಷ್ಟವಾದದ್ದು ಅವನಿಗೆ, ಕಥೆ ಮರುಗುವುದು ನಮ್ಮ ಮನೆಯ ಮಾನಕ್ಕಾಗಿ. ನಮ್ಮ ಆತ್ಮಪರೀಕ್ಷೆಯೂ ನಮ್ಮ ಅಂಗಳದಲ್ಲೇ ಸುತ್ತಿದರೆ ಅದು ಅರ್ಧ ಪರೀಕ್ಷೆ.

ಕೊನೆಯದಾಗಿ ಹೊಗಳಿಕೆಯ ವಿಚಾರ. 41 ಚೀಟಿಗಳಲ್ಲಿ 19ರಲ್ಲಿ 'ಚೆನ್ನಾಗಿದೆ' ಎಂಬುದಕ್ಕಿಂತ ಹೆಚ್ಚಿನ ಮಾತಿಲ್ಲ. ಈ ಹೊಗಳಿಕೆಯಲ್ಲಿ ಹೆಚ್ಚಿನ ಪಾಲು ಅಜ್ಜಿಯ ಸಲ್ಲೇಖನವನ್ನು ಕುರಿತ ಕಥೆಗೆ ಸಂದಿದೆ. ಅದನ್ನೂ ತೆಗೆಯಬೇಕೆಂದು ಇಬ್ಬರು ಬರೆದಿದ್ದಾರೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದ್ದನ್ನೂ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿದ್ದನ್ನೂ ನೆನೆದು ಅವರು ಅಂಜಿದ್ದಾರೆ. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಕಥೆಯ ಕೊರತೆ ಬೇರೆ. ಅದರ ಅಜ್ಜಿಗೆ ದೇಹವೇ ಇಲ್ಲ. ಬಾಯಾರಿಕೆಯಿಲ್ಲ, ನೋವಿಲ್ಲ, ಕ್ಷಣಕಾಲದ ಮೋಹವೂ ಇಲ್ಲ. ಮೊದಲ ಸಾಲಿನಿಂದಲೇ ದೇವತೆ. ಸುತ್ತಲಿನವರೆಲ್ಲ ಅಳುತ್ತಾರೆ, ಓದುವವರೂ ಅಳುತ್ತಾರೆ, ತಿಳಿದುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ವಡ್ಡಾರಾಧನೆಯ ಮೊದಲ ಕಥೆಯನ್ನು ನೋಡಿರಿ. ಸುಕುಮಾರಸ್ವಾಮಿಯ ಮೈಯ ಮೃದುತ್ವವನ್ನು ಅಲ್ಲಿ ಎಷ್ಟು ವಿವರವಾಗಿ ಹೇಳಿದೆ! ಸಾಸಿವೆಯ ಕಾಳು ಒತ್ತಿದರೂ ತಾಳಲಾರದವನು, ದೀಪದ ಉರಿಗೆ ಕಣ್ಣಲ್ಲಿ ನೀರು ತಂದುಕೊಳ್ಳುವವನು. ಅಂಥ ಮೈಯನ್ನು ನರಿ ತನ್ನ ಮರಿಗಳೊಡನೆ ಮೂರು ರಾತ್ರಿ ತಿನ್ನುವಾಗ ಅವನು ಅಲುಗದೆ ಇರುತ್ತಾನೆ. ಸಾಸಿವೆ ಕಾಳಿನ ಮಾತು ಮೊದಲು ಬಂದಿರದಿದ್ದರೆ ಕೊನೆಯ ಧೈರ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಈ ಮಾತನ್ನು ಆ ಲೇಖಕಿಗೆ ಯಾರೂ ಹೇಳಲಿಲ್ಲ. ನೋಯಿಸಬಾರದೆಂಬ ಪ್ರೀತಿಯಿಂದ ಹೊಗಳಿದರು. ಕಥೆ ಇದ್ದಲ್ಲಿಯೇ ಉಳಿಯಿತು. ಉಪಗೂಹನದ ನಂತರ ಶಾಸ್ತ್ರವು ಸ್ಥಿತಿಕರಣವನ್ನು ಹೇಳಿದೆ. ಜಾರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಜಾರುವಿಕೆಯನ್ನು ಹೊಗಳುವುದು ವಾತ್ಸಲ್ಯವೂ ಆಗದು.

ಬಸದಿಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿಯಿಷ್ಟೆ. ಇಂಥ ಸಂಕಲನಗಳು ಬಂದಾಗ ವೆಚ್ಚವನ್ನು ಶಾಸ್ತ್ರದಾನವೆಂದು ಭಾವಿಸಿ ಕೊಡಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ನಾವು ಪ್ರತಿ ಸಭೆಯಲ್ಲಿ ಹೇಳುತ್ತೇವೆ. ಆಕೆ ಹಂಚಿದ್ದು ಕಾವ್ಯವನ್ನು ಎಂಬುದನ್ನೂ ನೆನೆಯಬೇಕು. ಕೊಡುವಾಗ ಒಂದೇ ನಿಯಮ ಸಾಕು: ಬದುಕಿರುವ ಯಾವ ವ್ಯಕ್ತಿಯ ಗುರುತೂ ಸಿಗಬಾರದು. ಗುರುತು ಸಿಗುವಲ್ಲಿ ಊರನ್ನೂ ಹೆಸರನ್ನೂ ಬದಲಿಸಲಿ. ದೋಷವನ್ನು ಬದಲಿಸುವುದು ಬೇಡ. ಅಭಿಪ್ರಾಯ ಬರೆಯುವವರು ಇನ್ನು ಮುಂದೆ ಸಹಿ ಹಾಕಲಿ, ಮತ್ತು ಮೆಚ್ಚಿದ ಒಂದು ಸ್ಥಳವನ್ನೂ ಮೆಚ್ಚದ ಒಂದು ಸ್ಥಳವನ್ನೂ ಕಾರಣಸಹಿತ ಬರೆಯಲಿ.

ಪರ್ವ ಮುಗಿದು ಕ್ಷಮಾವಣಿಯ ದಿನ ಆ ತರುಣರು ಎಲ್ಲರಂತೆ ನನ್ನ ಮನೆಗೂ ಬಂದು, "ತಪ್ಪಾಗಿದ್ರ ಕ್ಷಮಾ ಮಾಡ್ರಿ ಕಾಕಾ" ಎಂದು ಕೈಮುಗಿದರು. ನಾನೂ ಅವರಲ್ಲಿ ಕ್ಷಮೆ ಬೇಡಿ, ಚೀಟಿಗಳ ಕಟ್ಟನ್ನು ಎರಡು ಮಾಡಿ ಹಿಂದಿರುಗಿಸಿದೆ. ಹಿಡಿಯತಕ್ಕವು ಐದು, ಬಿಡತಕ್ಕವು ಉಳಿದೆಲ್ಲ. ತೂಕದ ಕಥೆಯನ್ನು ಬರೆದವರು ಈಗ ಆ ರೈತನಿಗೊಂದು ಹೆಸರನ್ನೂ ಒಂದು ಮನೆಯನ್ನೂ ಹುಡುಕುತ್ತಿದ್ದಾರೆಂದು ಕೇಳಿದ್ದೇನೆ. ಅದು ಸಿದ್ಧವಾದಾಗ ಮಂಟಪದಲ್ಲಿ ಕುಳಿತು ಮತ್ತೊಮ್ಮೆ ಕೇಳಬೇಕೆಂಬ ಅಪೇಕ್ಷೆ ನನಗಿದೆ.